ಕಷ್ಟದ ಕೇಸ್ ಮುಗಿದ ಮೇಲಿನ ಹತ್ತು ನಿಮಿಷ: ಆಂಬುಲೆನ್ಸ್ ಸಿಬ್ಬಂದಿ ಮನಸ್ಸಿನ ಭಾರ ಇಳಿಸಿಕೊಳ್ಳುವುದು ಹೇಗೆ?

ಆಂಬುಲೆನ್ಸ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಹಿರಿಯರು ಮೊದಲು ಹೇಳುವ ಮಾತು 'ಮನಸ್ಸು ಗಟ್ಟಿ ಮಾಡಿಕೋ' ಎಂಬುದು. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಗಟ್ಟಿ ಮಾಡಿಕೊಳ್ಳುವ ಬಗೆಯನ್ನು ಯಾರೂ ಹೇಳಿಕೊಡದ ಕಾರಣ ಹೊಸಬರು ಅದನ್ನು 'ಮುಖದಲ್ಲಿ ಏನೂ ತೋರಿಸಬೇಡ' ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ತರಬೇತುದಾರನಾಗಿ ನಾನು ಕಂಡ ಎಡವಟ್ಟುಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟಿವೆ. ಮನೋವಿಜ್ಞಾನಿ ಜೇಮ್ಸ್ ಗ್ರಾಸ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ ಕಂಡುಬಂದಂತೆ, ಭಾವನೆಯನ್ನು ಅದುಮಿಟ್ಟರೆ ಮುಖವೇನೋ ಶಾಂತವಾಗುತ್ತದೆ, ಒಳಗಿನ ಸಂಕಟ ಮಾತ್ರ ಇಳಿಯುವುದಿಲ್ಲ. ಸಾಲದ್ದಕ್ಕೆ ಆ ಹೊತ್ತಿನಲ್ಲಿ ಕಿವಿಗೆ ಬಿದ್ದ ವಿವರಗಳ ನೆನಪೂ ಮಸುಕಾಗುತ್ತದೆ. ಯಾವ ಔಷಧವನ್ನು ಎಷ್ಟು ಹೊತ್ತಿಗೆ ಕೊಟ್ಟೆವೆಂದು ಆಸ್ಪತ್ರೆಯಲ್ಲಿ ಒಪ್ಪಿಸಬೇಕಾದವರಿಗೆ ಇದು ಸಣ್ಣ ನಷ್ಟವಲ್ಲ.

1990ರಲ್ಲಿ ಮನೋವಿಜ್ಞಾನಿಗಳಾದ ಪೀಟರ್ ಸ್ಯಾಲೊವಿ ಮತ್ತು ಜಾನ್ ಮೇಯರ್ ಭಾವನಾತ್ಮಕ ಬುದ್ಧಿಮತ್ತೆಯನ್ನು ವಿವರಿಸಿದಾಗ ಅದನ್ನು ಒಂದು ಸಾಮರ್ಥ್ಯವೆಂದೇ ಕರೆದರು: ತನ್ನ ಮತ್ತು ಇತರರ ಭಾವನೆಗಳನ್ನು ಗಮನಿಸುವುದು, ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ಗುರುತಿಸುವುದು, ಆ ತಿಳಿವಳಿಕೆಯನ್ನು ಯೋಚನೆಗೂ ನಡೆಗೂ ಬಳಸುವುದು. ಇದನ್ನು ರೂಢಿಸಿಕೊಳ್ಳಲು ರೋಗಿಯನ್ನು ಆಸ್ಪತ್ರೆಗೆ ಒಪ್ಪಿಸಿದ ಕ್ಷಣದಿಂದ ಮುಂದಿನ ಕರೆಗೆ ಸಿದ್ಧರೆಂದು ಕಂಟ್ರೋಲ್ ರೂಮಿಗೆ ತಿಳಿಸುವವರೆಗಿನ ಬಿಡುವಿಗಿಂತ ಒಳ್ಳೆಯ ಸಮಯ ಇಲ್ಲ.

ಆ ಬಿಡುವಿನಲ್ಲಿ ಮಾಡಬೇಕಾದದ್ದು ನಾಲ್ಕು ಹಂತಗಳಲ್ಲಿದೆ. ಮೊದಲನೆಯ ಹಂತ ಕೈಗೆ ಸಂಬಂಧಿಸಿದ್ದು: ಗಾಡಿ ಒರೆಸಿ, ಖಾಲಿಯಾದ ಸಾಮಾನು ತುಂಬಿ, ದಾಖಲೆ ಬರೆದು ಮುಗಿಸಿ.

ಎರಡನೆಯದು ಉಸಿರು. ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುತ್ತಾ ಎರಡು ನಿಮಿಷ ಕುಳಿತರೆ ಸಾಕು. ಇದಕ್ಕೆ ಮೊಬೈಲ್ ಆ್ಯಪ್ ಬೇಕಾಗಿಲ್ಲ. ಇಡೀ ಪಾಳಿ ಕರೆಗಂಟೆಗೆ ಬೆಚ್ಚುವವರ ಜೇಬಿನಲ್ಲಿ ಇನ್ನೊಂದು ಗಂಟೆ ಬಾರಿಸುವ ಆ್ಯಪ್‌ಗಳನ್ನು ನಾನಂತೂ ಅಳಿಸಿಹಾಕಿಸುತ್ತೇನೆ. ಎನರ್ಜಿ ಡ್ರಿಂಕ್ ಡಬ್ಬಿಗಳನ್ನೂ ದೂರವಿಡಿ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು 5 ಗಂಟೆಗಳ ನಂತರವೂ ದೇಹದಲ್ಲಿ ಉಳಿದಿರುವುದರಿಂದ, ರಾತ್ರಿ ಪಾಳಿಯ ಕೊನೆಯಲ್ಲಿ ಕುಡಿದದ್ದು ಬೆಳಗಿನ ನಿದ್ದೆಯನ್ನೇ ತಿನ್ನುತ್ತದೆ.

ಮೂರನೆಯ ಹಂತದಲ್ಲಿಯೇ ಹೆಚ್ಚಿನವರು ಮುಗ್ಗರಿಸುವುದು. ಅದು ಭಾವನೆಗೆ ಸರಿಯಾದ ಹೆಸರಿಡುವುದು.

ಒಂದು ರಾತ್ರಿ ಪಾಳಿಯಲ್ಲಿ ನಾನು ಜೊತೆಗಿದ್ದೆ. ದಾರಿಯುದ್ದಕ್ಕೂ ಸಿಪಿಆರ್ (ಎದೆ ಒತ್ತಿ, ಉಸಿರು ತುಂಬಿ ಜೀವ ಉಳಿಸುವ ಯತ್ನ) ಕೊಡುತ್ತಾ ತಂದ ಮಗು ಉಳಿಯಲಿಲ್ಲ. ಕಿರಿಯ ಸಹಾಯಕ ಸ್ಟ್ರೆಚರಿನ ಕಂಬಿಯನ್ನು ಒರೆಸುತ್ತಿದ್ದ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

"ಏನಾಯ್ತೋ?" ಎಂದು ಜೊತೆಯ ಹಿರಿಯ ಕೇಳಿದರು.

"ಏನಿಲ್ಲ ಅಣ್ಣ, ಬೇಜಾರು."

"ಬೇಜಾರು ಅಂದ್ರೆ ಯಾವ ಥರ? ಯಾರ ಮೇಲಾದ್ರೂ ಸಿಟ್ಟೋ, ಏನೋ ಬಿಟ್ಟುಹೋಯ್ತು ಅನ್ನೋ ಹಳಹಳಿಯೋ?"

ಬಟ್ಟೆ ಹಿಡಿದ ಕೈ ನಿಂತಿತು. "ಚಿಕ್ಕ ಮಾಸ್ಕು ಬ್ಯಾಗಿನ ತಳದಲ್ಲಿತ್ತು ಅಣ್ಣ. ಹುಡುಕೋಕೆ ಹೊತ್ತಾಯ್ತು."

ಹಿರಿಯರು ಸಮಾಧಾನದ ಮಾತು ಆಡಲಿಲ್ಲ. ಬ್ಯಾಗ್ ತೆರೆದು ಇಬ್ಬರೂ ಸೇರಿ ಮಕ್ಕಳ ಮಾಸ್ಕುಗಳನ್ನು ಮೇಲಿನ ಜೇಬಿಗೆ ವರ್ಗಾಯಿಸಿದರು. ದುಃಖ ಹಾಗೆಯೇ ಉಳಿದಿತ್ತು, ಆದರೆ ಅದರೊಳಗೆ ಸಿಕ್ಕಿಕೊಂಡಿದ್ದ ಒಂದು ಮುಳ್ಳು ಹೊರಬಂದಿತ್ತು.

ನಮ್ಮ ಮಾತಿನಲ್ಲಿ 'ಬೇಜಾರು' ಮತ್ತು 'ಟೆನ್ಷನ್' ಎಂಬೆರಡು ಪದಗಳು ಉಳಿದೆಲ್ಲವನ್ನೂ ನುಂಗಿ ಕುಳಿತಿವೆ. ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು, ಅವಮಾನವಾದರೂ ಬೇಜಾರು, ಕಣ್ಣೆದುರು ಜೀವ ಹೋದರೂ ಬೇಜಾರು. ಹಳಹಳಿಯಾದರೆ ಅದು ಮರುಪರಿಶೀಲಿಸಬೇಕಾದ ಒಂದು ಕೆಲಸವನ್ನು ತೋರಿಸುತ್ತದೆ. ಸಿಟ್ಟಾದರೆ ಯಾರೋ ದಾಟಿದ ಗೆರೆಯನ್ನು ತೋರಿಸುತ್ತದೆ. ದಿಗಿಲಾದರೆ ಅಪಾಯ ಇನ್ನೂ ಕಳೆದಿಲ್ಲವೆಂದು ದೇಹ ನಂಬಿದೆ ಎಂದರ್ಥ. ಮರುಕಕ್ಕೆ ಮಾಡಬೇಕಾದ ಕೆಲಸವೇನೂ ಇಲ್ಲ, ಒಂದಿಷ್ಟು ಹೊತ್ತು ಬೇಕು, ಅಷ್ಟೇ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು ಅಥವಾ ಭಯ ತುಂಬಿದ ಮುಖದ ಚಿತ್ರಗಳನ್ನು ನೋಡಿದವರು ಆ ಭಾವನೆಗೆ ತಕ್ಕ ಪದವನ್ನು ಆರಿಸಿದಾಗ ಮೆದುಳಿನಲ್ಲಿ ಅಪಾಯದ ಸುಳಿವಿಗೆ ಸ್ಪಂದಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗಿತ್ತು.

ಇಲ್ಲಿ ಎರಡು ತಪ್ಪುಗಳು ಪದೇ ಪದೇ ಆಗುತ್ತವೆ. 'ಅನ್ನಿಸುತ್ತಿದೆ' ಎಂದು ಮುಗಿದ ವಾಕ್ಯವೆಲ್ಲ ಭಾವನೆ ಎಂದು ತಿಳಿಯುವುದು ಮೊದಲನೆಯ ತಪ್ಪು. 'ಅವರು ಬೇಗ ಫೋನ್ ಮಾಡಬೇಕಿತ್ತು ಅನ್ನಿಸುತ್ತಿದೆ' ಎಂಬುದು ಅಭಿಪ್ರಾಯ, 'ನಾನು ನಾಲಾಯಕ್ ಅನ್ನಿಸುತ್ತಿದೆ' ಎಂಬುದು ತನ್ನ ಮೇಲೆ ತಾನೇ ಕೊಟ್ಟುಕೊಂಡ ತೀರ್ಪು, ಎರಡರ ಹಿಂದೆಯೂ ಇರುವ ಭಾವನೆಗೆ ಇನ್ನೂ ಹೆಸರು ಸಿಕ್ಕಿಲ್ಲ. ಹೆಸರಿಡುವುದನ್ನು ಬಿಟ್ಟು ಇಡೀ ಘಟನೆಯನ್ನು ಮೊದಲಿನಿಂದ ಮತ್ತೆ ಹೇಳತೊಡಗುವುದು ಎರಡನೆಯ ತಪ್ಪು. ಪದವೇ ಸಿಗದವರು ದೇಹದಿಂದ ಶುರು ಮಾಡಲಿ: ದವಡೆ ಬಿಗಿದಿದೆಯೇ, ಹೊಟ್ಟೆಯಲ್ಲಿ ಕಸಿವಿಸಿಯೇ, ಗಂಟಲು ಕಟ್ಟಿದೆಯೇ? ಒಂದು ವಾಕ್ಯ ಸಾಕು, ಎರಡಾದರೆ ಹೆಚ್ಚು.

ಕೇಳಿಸಿಕೊಳ್ಳುವವರಿಗೂ ಇದೇ ಶಿಸ್ತು ಅನ್ವಯಿಸುತ್ತದೆ. 'ಇದೆಲ್ಲ ಮಾಮೂಲು' ಎನ್ನಬೇಡಿ, ನೀವು ಕಂಡ ಇನ್ನೂ ಘೋರವಾದ ಕೇಸನ್ನು ಬಿಚ್ಚಬೇಡಿ, ಮಾತು ಬೇಡವೆಂದವರನ್ನು ಕೆದಕಬೇಡಿ. ಕಡ್ಡಾಯವಾಗಿ ಎಲ್ಲರನ್ನೂ ಕೂರಿಸಿ ಘಟನೆಯನ್ನು ಹೇಳಿಸುವ ಪದ್ಧತಿಯ ಬಗ್ಗೆ ನನಗೆ ಒಲವಿಲ್ಲ. ಜೆಫ್ರಿ ಮಿಚೆಲ್ 1983ರಲ್ಲಿ ತುರ್ತು ಸೇವೆಯವರಿಗಾಗಿ ರೂಪಿಸಿದ ಇಂಥದ್ದೇ ಪದ್ಧತಿ, ಡೀಬ್ರೀಫಿಂಗ್, ಜಗತ್ತಿನ ಹಲವೆಡೆ ಹಬ್ಬಿತು. ಆದರೆ ಅಂಥ ಒಂದೇ ಕಂತಿನ ಸಭೆಗಳು ಮುಂದಿನ ಆಘಾತವನ್ನು ತಡೆಯುತ್ತವೆ ಎಂಬುದಕ್ಕೆ ಆಧಾರ ಸಿಗಲಿಲ್ಲ, ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ತೊಂದರೆ) ತಡೆಯಲು ಅದನ್ನು ಬಳಸಬೇಡಿ ಎಂದೇ ಹೇಳುತ್ತದೆ. ಜೊತೆಗಾರನೊಬ್ಬ ಗಾಡಿಯ ಹಿಂಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಯೇ ಬೇರೆ, ಹಾಜರಿ ಪುಸ್ತಕ ಇಟ್ಟುಕೊಂಡು ಕೇಳುವ ಪ್ರಶ್ನೆಯೇ ಬೇರೆ.

ಸಿಬ್ಬಂದಿಯ ಒರಟು ಹಾಸ್ಯವನ್ನು ನಾನು ತಡೆಯುವುದಿಲ್ಲ, ಅದೂ ಒಂದು ಬಗೆಯ ಉಸಿರಾಟ. ಆದರೆ ನಗೆಯ ಗುರಿ ಸದಾ ರೋಗಿಯೇ ಆಗತೊಡಗಿದರೆ ಎಚ್ಚರ ವಹಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಪಟ್ಟಿಯಾದ ಐಸಿಡಿ-11, ಕೆಲಸದ ಒತ್ತಡ ದೀರ್ಘಕಾಲ ಮುಂದುವರಿದು ಹುಟ್ಟುವ 'ಬರ್ನ್ಔಟ್' ಸ್ಥಿತಿಗೆ ಕೊಡುವ ಮೂರು ಲಕ್ಷಣಗಳಲ್ಲಿ, ಬಳಲಿಕೆ ಮತ್ತು ದಕ್ಷತೆಯ ಕುಸಿತದ ಜೊತೆಗೆ, ಕೆಲಸದ ಬಗ್ಗೆ ಹುಟ್ಟುವ ಈ ತಾತ್ಸಾರವೂ ಸೇರಿದೆ.

ನಾಲ್ಕನೆಯದು ನಿರ್ಧಾರ: ಮುಂದಿನ ಕರೆಗೆ ಸಿದ್ಧರಿದ್ದರೆ ಹಾಗೆಂದು ತಿಳಿಸಿ, ಇಲ್ಲದಿದ್ದರೆ ಇನ್ನಷ್ಟು ಸಮಯ ಕೇಳಿ. ಕೇಳಿದವರನ್ನು ಗದರಿಸುವ ಮೇಲ್ವಿಚಾರಕರು, ಅದೇ ಸಂಜೆ ಭಾವನಾತ್ಮಕ ಬುದ್ಧಿಮತ್ತೆಯ ಕಾರ್ಯಾಗಾರ ಏರ್ಪಡಿಸುವುದನ್ನು ನಾನು ಕಂಡಿದ್ದೇನೆ. ಬಿಡುವಿಲ್ಲದ ಪಾಳಿಪಟ್ಟಿಯನ್ನು ಯಾವ ಕಾರ್ಯಾಗಾರವೂ ಸರಿಪಡಿಸದು. ಹತ್ತು ಪ್ರಶ್ನೆ ಕೇಳಿ ಅಂಕ ಕೊಡುವ ಆನ್‌ಲೈನ್ ಪರೀಕ್ಷೆಗಳಿಗೂ ಹಣ ಸುರಿಯಬೇಡಿ.

ಮನೆಗೆ ಹೋದ ಮೇಲೆ ನಿದ್ದೆಗಾಗಿ ಮದ್ಯದ ಮೊರೆ ಹೋಗಬೇಡಿ. ಅದು ಬೇಗ ಮಲಗಿಸುತ್ತದೆ, ಆಮೇಲಿನ ನಿದ್ದೆಯನ್ನು ಚೂರುಚೂರು ಮಾಡುತ್ತದೆ. ದೃಶ್ಯಗಳು ಕರೆಯದೇ ಮರುಕಳಿಸುವುದು, ಆ ರಸ್ತೆಯನ್ನೇ ತಪ್ಪಿಸಿಕೊಂಡು ಓಡಾಡುವುದು, ಸಣ್ಣ ಸದ್ದಿಗೂ ಬೆಚ್ಚುವುದು ಒಂದು ತಿಂಗಳು ದಾಟಿಯೂ ಮುಂದುವರಿದರೆ ಜೊತೆಗಾರರ ಮಾತು ಸಾಲದು, ಮನೋವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು.

ಇನ್ನೊಂದು ಕೆಲಸವನ್ನು ಹೆಚ್ಚಿನ ತಂಡಗಳು ಮರೆತೇಬಿಡುತ್ತವೆ. ಮೊದಲ ಅಳು ಕೇಳಿಸಿಕೊಂಡವರು, ಫೋನಿನಲ್ಲೇ ಸಿಪಿಆರ್ ಹೇಳಿಕೊಟ್ಟವರು ಕಂಟ್ರೋಲ್ ರೂಮಿನಲ್ಲಿ ಕುಳಿತಿರುತ್ತಾರೆ, ಕೊನೆಗೆ ಏನಾಯಿತೆಂದು ಅವರಿಗೆ ಯಾರೂ ಹೇಳುವುದಿಲ್ಲ. ಗಾಡಿ ಹೊರಡುವ ಮುನ್ನ ಅವರಿಗೆ ಕರೆಮಾಡಿ, ಮಗು ಉಳಿಯಿತೋ ಇಲ್ಲವೋ ಎಂಬುದನ್ನು ತಿಳಿಸಿ.