ತುಳಿದ ಹೊತ್ತು, ನಿಂತ ಹೊತ್ತು: ಬ್ರೆವೆ ಸೀಸನ್ನಿನ ಲೆಕ್ಕ

ಬ್ರೆವೆ ಎಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. ಅದರ ಸೀಸನ್ ಮುಗಿಯುವುದು ಅಕ್ಟೋಬರ್ 31ಕ್ಕೆ, ನವೆಂಬರ್ 1ರಿಂದ ಹೊಸದು ಶುರು. ಹಾಗಾಗಿ ನನ್ನ ವಾರ್ಷಿಕ ಲೆಕ್ಕವೂ ದೀಪಾವಳಿ ಆಸುಪಾಸಿನಲ್ಲೇ ಆಗಿಬಿಡುತ್ತದೆ. ಆ ಶೀಟಿನಲ್ಲಿ ಒಟ್ಟು ಕಿಲೋಮೀಟರಿಗೆ ಕೊನೆಯ ಕಾಲಂ. ಮೊದಲನೆಯದು, ಪ್ರತಿ ಬ್ರೆವೆಯಲ್ಲಿ ಸೈಕಲ್ ನಿಂತಿದ್ದ ಹೊತ್ತು. ನೂರಾರು ಕಿಲೋಮೀಟರ್ ದೂರದ ಸವಾರಿಯಲ್ಲಿ ಹವ್ಯಾಸಿಗಳು ಕಳೆದುಕೊಳ್ಳುವ ಸಮಯ ಹೆಚ್ಚಾಗಿ ಪೆಡಲ್ ಮೇಲಲ್ಲ, ಹೋಟೆಲ್ ಮುಂದೆ.

ನಿಗದಿತ ಸಮಯ ಎಲ್ಲರಿಗೂ ಗೊತ್ತು: 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಒಂದೇ ಸೀಸನ್ನಿನಲ್ಲಿ ನಾಲ್ಕನ್ನೂ ಮುಗಿಸಿದವರು ಸೂಪರ್ ರಾಂಡನರ್. 600ನ್ನೇ ತಗೊಳ್ಳಿ. ಗಂಟೆಗೆ 22 ಕಿ.ಮೀ. ಸರಾಸರಿಯಲ್ಲಿ ತುಳಿದರೆ ಸವಾರಿಗೆ 27 ಗಂಟೆ 16 ನಿಮಿಷ ಬೇಕು. ಸರಾಸರಿಯನ್ನು 24ಕ್ಕೆ ಏರಿಸಿದರೆ 25 ಗಂಟೆ ಸಾಕು, ಉಳಿತಾಯ 2 ಗಂಟೆ 16 ನಿಮಿಷ. ಆದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸಮತಟ್ಟು ರಸ್ತೆಯಲ್ಲಿ ಆ ಎರಡು ಕಿಲೋಮೀಟರಿಗಾಗಿ ಗಾಳಿಗೇ ಸುಮಾರು 30% ಹೆಚ್ಚು ವ್ಯಾಟ್ ಸುರಿಯಬೇಕು. ಕೆಲಸ, ಮನೆ ನೋಡಿಕೊಂಡು ತರಬೇತಿ ಮಾಡುವವರಿಗೆ ಅಷ್ಟು ಶಕ್ತಿ ಒಂದು ಸೀಸನ್ನಿನಲ್ಲಿ ಬರುವುದು ಕಷ್ಟ. ಅದೇ ಎಂಟು ನಿಲುಗಡೆಗಳಲ್ಲಿ ತಲಾ 17 ನಿಮಿಷ ಕಡಿಮೆ ಮಾಡಿದರೂ ಅಷ್ಟೇ 2 ಗಂಟೆ 16 ನಿಮಿಷ ಸಿಗುತ್ತದೆ. ಇದಕ್ಕೆ ಫಿಟ್‌ನೆಸ್ ಬೇಕಿಲ್ಲ, ಶಿಸ್ತು ಬೇಕು.

ಲೆಕ್ಕ ತೆಗೆಯುವುದು ಸುಲಭ. ಜಿಪಿಎಸ್ ಫೈಲಿನಲ್ಲಿ ಒಟ್ಟು ಸಮಯ ಮತ್ತು ಚಲಿಸಿದ ಸಮಯ ಬೇರೆಬೇರೆ ಸಿಗುತ್ತವೆ, ಕಳೆದರೆ ನಿಂತ ಹೊತ್ತು. ಅಷ್ಟಕ್ಕೇ ಬಿಟ್ಟರೆ ಪ್ರಯೋಜನವಿಲ್ಲ. ಪ್ರತಿ ನಿಲುಗಡೆಗೂ ಬಂದ ಸಮಯ, ಹೊರಟ ಸಮಯ, ಕಾರಣ ಎಂದು ಮೂರು ಮನೆ ಹಾಕುತ್ತೇನೆ. ಕಾರಣದ ಪಟ್ಟಿ ಚಿಕ್ಕದು: ಕಂಟ್ರೋಲ್ (ದಾರಿಯಲ್ಲಿ ಹಾಜರಿ ಹಾಕಿಸಬೇಕಾದ ತಾಣ), ಊಟ, ನೀರು, ಪಂಕ್ಚರ್, ಬಟ್ಟೆ, ನಿದ್ದೆ, ಮಾತು. ಕೊನೆಯದನ್ನು ಪ್ರಾಮಾಣಿಕವಾಗಿ ತುಂಬಬೇಕು, ಗುಂಪಿನಲ್ಲಿ ಹೋದಾಗ ಅದೇ ಎಲ್ಲಕ್ಕಿಂತ ದೊಡ್ಡ ಅಂಕಿ.

ಊಟ ಬೇಡವಾದ ಕಂಟ್ರೋಲಿನಲ್ಲಿ ನನ್ನ ಗುರಿ 12 ನಿಮಿಷ. ಅದಕ್ಕೊಂದು ಕ್ರಮ ಇದೆ. ಇಳಿದ ತಕ್ಷಣ ಹಾಜರಿಯ ಕಾರ್ಡಿಗೆ ಸೀಲು, ಇಲ್ಲದಿದ್ದರೆ ಬಂದಿದ್ದಕ್ಕೆ ಸಾಕ್ಷಿಯಾಗಿ ಎಟಿಎಂ ಸ್ಲಿಪ್ಪೋ ಅಂಗಡಿ ಬಿಲ್ಲೋ. ಆಮೇಲೆ ಬಾಟಲಿ, ಆಮೇಲೆ ಶೌಚಾಲಯ, ಕೊನೆಗೆ ತಿಂಡಿ ಕಟ್ಟಿಸಿಕೊಂಡು ಹೊರಡುವುದು. ಕೂರುವ ಊಟವಿದ್ದರೆ ಆರ್ಡರ್ ಮೊದಲು, ಉಳಿದ ಕೆಲಸವೆಲ್ಲ ಅದು ಬರುವಷ್ಟರಲ್ಲಿ. ಮಸಾಲೆ ದೋಸೆ ಹೇಳಿ ಇಪ್ಪತ್ತು ನಿಮಿಷ ಕಾಯುವ ಬದಲು ಸಿದ್ಧವಿರುವ ಇಡ್ಲಿ, ಮೊಸರನ್ನ ತಗೊಳ್ಳುವುದು ವಾಸಿ, ಹೊಟ್ಟೆಗೂ ಹಗುರ.

ಪಂಕ್ಚರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ ನಮಗೆ ಶತ್ರು ಮೊಳೆಯಲ್ಲ, ಲಾರಿ ಟೈರ್ ಸಿಡಿದಾಗ ಉದುರುವ ಸಣ್ಣ ಉಕ್ಕಿನ ತಂತಿ. ಕೂದಲಿಗಿಂತ ತುಸು ದಪ್ಪ, ಅರ್ಧ ಸೆಂಟಿಮೀಟರ್ ಉದ್ದ. ಟೈರಿನ ರಬ್ಬರಿನೊಳಗೆ ಹುದುಗಿ, ಭಾರ ಬಿದ್ದಾಗ ಮಾತ್ರ ಒಳಗೆ ತುದಿ ಚಾಚುತ್ತದೆ. ಬೆರಳಿಗೆ ಸಿಗುವುದಿಲ್ಲ, ಟ್ಯೂಬ್ ಬದಲಿಸಿ ಹೊರಟರೆ ಮುಂದಿನ ಹತ್ತು ಕಿಲೋಮೀಟರಿನಲ್ಲಿ ಮತ್ತೆ ಗಾಳಿ ಇಳಿಯುತ್ತದೆ. ಮಾಡಬೇಕಾದ್ದು ಇಷ್ಟು: ಬಿಚ್ಚುವ ಮೊದಲೇ ಟೈರಿನ ಲೇಬಲ್ ವಾಲ್ವಿನ ನೇರಕ್ಕಿದೆಯೇ ನೋಡಿಕೊಳ್ಳಿ, ಜೋಡಿಸುವಾಗಲೇ ಹಾಗಿಡುವ ಅಭ್ಯಾಸ ಬೇಕು. ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ, ವಾಲ್ವಿನಿಂದ ಅದು ಎಷ್ಟು ದೂರವಿದೆಯೋ ಟೈರಿನಲ್ಲಿ ಅದೇ ಜಾಗ ಗುರುತಿಸಿ. ಟ್ಯೂಬ್ ಯಾವ ಮಗ್ಗುಲಾಗಿ ಬಂತು ಎಂಬುದು ಗೊಂದಲವಾದರೆ ವಾಲ್ವಿನ ಎರಡೂ ಕಡೆ ನೋಡಿ. ಅಲ್ಲಿ ಒಳಮೈಯನ್ನು ಚೂರು ಹತ್ತಿಯಿಂದ ಒರೆಸಿದರೆ ಎಳೆ ಸಿಕ್ಕಿಕೊಂಡು ತಂತಿ ಕಾಣಿಸುತ್ತದೆ. ಕಿಟ್ಟಿನಲ್ಲಿ ಟ್ವೀಜರ್ ಇರಲೇಬೇಕು, ಉಗುರಿಗೆ ಅದು ಬರುವುದಿಲ್ಲ. 28 ಎಂ.ಎಂ. ಬದಲು 32 ಎಂ.ಎಂ. ಟೈರ್, ಕಡಿಮೆ ಗಾಳಿ, ಇದರಿಂದ ತಂತಿ ತಪ್ಪುವುದಿಲ್ಲ, ಆದರೆ ಒಡೆದ ರಸ್ತೆಯಲ್ಲಿ ರಿಮ್ಮಿಗೆ ಕಚ್ಚಿ ಆಗುವ ಪಂಕ್ಚರ್ ಬಹಳ ಕಡಿಮೆಯಾಗುತ್ತದೆ, ಅಂಗೈ ಜೋಮು ಹಿಡಿಯುವುದೂ ತಗ್ಗುತ್ತದೆ.

ತರಬೇತಿಯ ಭಾಗವನ್ನು ಗಂಟೆಗಳಲ್ಲಿ ಅಳೆಯುತ್ತೇನೆ, ಕಿಲೋಮೀಟರಿನಲ್ಲಿ ಅಲ್ಲ. ಕನಕಪುರ ಕಡೆಯ ಏರಿಳಿತದ 80 ಕಿ.ಮೀ. ಮತ್ತು ಕೋಲಾರ ಹೆದ್ದಾರಿಯ 80 ಕಿ.ಮೀ. ಒಂದೇ ಅಲ್ಲ. ವಾರದ ಗಂಟೆಗಳಲ್ಲಿ ಸುಮಾರು 80% ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ಹಗುರ, ಉಳಿದದ್ದು ನಿಜವಾಗಿ ಕಠಿಣ. ನಮ್ಮಲ್ಲಿ ಕೆಡುವುದು ನಡುವಿನ ವಲಯದಲ್ಲಿ. ಭಾನುವಾರದ ಗುಂಪು ಸವಾರಿ ಹಗುರವೂ ಅಲ್ಲ, ಕಠಿಣವೂ ಅಲ್ಲ, ಸುಸ್ತು ಮಾತ್ರ ಪೂರ್ತಿ. ವರ್ಷದ ಹೃದಯಬಡಿತದ ನಕ್ಷೆಯಲ್ಲಿ ಆ ನಡುವಿನ ಗುಡ್ಡ ಎತ್ತರವಾಗಿದ್ದರೆ ಮುಂದಿನ ವರ್ಷ ಕತ್ತರಿಸಬೇಕಾದ್ದು ಅದನ್ನೇ.

ಸಹಿಷ್ಣುತೆ ಏರಿದೆಯೇ ಎಂದು ತಿಳಿಯಲು ನಾನು ನಂಬುವುದು ಒಂದೇ ಪರೀಕ್ಷೆ. ಒಂದೇ ಮಾರ್ಗದಲ್ಲಿ, ಒಂದೇ ವ್ಯಾಟಿನಲ್ಲಿ ನಾಲ್ಕು ಗಂಟೆ ತುಳಿದು, ಮೊದಲ ಎರಡು ಗಂಟೆಯ ಸರಾಸರಿ ಹೃದಯಬಡಿತವನ್ನು ಕೊನೆಯ ಎರಡು ಗಂಟೆಯದಕ್ಕೆ ಹೋಲಿಸುವುದು. ವ್ಯತ್ಯಾಸ 5%ರೊಳಗಿದ್ದರೆ ತಳಪಾಯ ಗಟ್ಟಿ. ಏಪ್ರಿಲ್ ಬಿಸಿಲಿನ ಫಲಿತಾಂಶವನ್ನು ಡಿಸೆಂಬರಿನದಕ್ಕೆ ಹೋಲಿಸಬೇಡಿ, ಶಾಖ ಮತ್ತು ನೀರಿನ ಕೊರತೆಯಿಂದಲೇ ಬಡಿತ ಏರುತ್ತದೆ. ಪವರ್ ಮೀಟರ್ (ತುಳಿಯುವ ಶಕ್ತಿಯನ್ನು ವ್ಯಾಟಿನಲ್ಲಿ ಅಳೆಯುವ ಸಾಧನ) ಇಲ್ಲದವರು ಗಾಳಿಯಿಲ್ಲದ ಮುಂಜಾನೆ ವೇಗವನ್ನೇ ಅಳತೆಗಿಟ್ಟುಕೊಳ್ಳಬಹುದು, ಒರಟು ಲೆಕ್ಕ, ಆದರೂ ಸಾಕು.

ಆಹಾರದ್ದು ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್. 750 ಮಿ.ಲೀ. ನೀರಿಗೆ 40 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು; ಉಳಿದ 20 ಗ್ರಾಂಗೆ ಒಂದೆರಡು ಏಲಕ್ಕಿ ಬಾಳೆಹಣ್ಣು. ಕಡಲೆಕಾಯಿ ಚಿಕ್ಕಿ ರಾತ್ರಿಗೆ ಒಳ್ಳೆಯದು, ಹಗಲಿನ ಬಿಸಿಲಲ್ಲಿ ಅದರ ಕೊಬ್ಬು ಹೊಟ್ಟೆಯಲ್ಲಿ ಕೂತುಬಿಡುತ್ತದೆ. ನೀರು ಎಷ್ಟು ಬೇಕೆಂದು ಊಹಿಸಬೇಡಿ: ಏನೂ ಕುಡಿಯದೆ ಒಂದು ಗಂಟೆ ತುಳಿದು, ಮೊದಲೂ ಆಮೇಲೂ ಮೈ ಒರೆಸಿಕೊಂಡು ತೂಕ ನೋಡಿ. ಇಳಿದ ಒಂದು ಕಿಲೋ ಎಂದರೆ ಒಂದು ಲೀಟರ್ ಬೆವರು. ತಂಪಿನಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಾಡಿಟ್ಟುಕೊಂಡರೆ ವರ್ಷಕ್ಕೆ ಸಾಕು.

ಸೈಕಲ್ಲಿನ ಲೆಕ್ಕ ಚಿಕ್ಕದು. 11 ಸ್ಪೀಡ್ ಚೈನ್ ಸವೆತ ಅಳೆಯುವ ಗೇಜಿನಲ್ಲಿ 0.5% ತೋರಿಸಿದರೆ ಚೈನ್ ಬದಲು. ತಡಮಾಡಿದರೆ ಹಿಂಚಕ್ರದ ಹಲ್ಲುಗಾಲಿಗಳ ಗೊಂಚಲಾದ ಕ್ಯಾಸೆಟ್ಟೂ ಹೋಗುತ್ತದೆ, ಖರ್ಚು ಹಲವು ಪಟ್ಟು.

ಈಗ ಗುರಿ. ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ ಫ್ರಾನ್ಸಿನ ಬ್ರೆವೆ, ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್, ನಾಲ್ಕು ವರ್ಷಕ್ಕೊಮ್ಮೆ; ಹಿಂದಿನದು 2023ರ ಆಗಸ್ಟ್, ಮುಂದಿನದು 2027. ಸುಮಾರು 1,200 ಕಿ.ಮೀ., 90 ಗಂಟೆ. 2023ರಲ್ಲಿ ಮುಂಗಡ ನೋಂದಣಿಗೆ ಅದರ ಹಿಂದಿನ ವರ್ಷ ಮುಗಿಸಿದ ಅತಿ ಉದ್ದದ ಬ್ರೆವೆಯ ಪ್ರಕಾರ ಸರದಿ ಸಿಕ್ಕಿತ್ತು, 1000 ಮಾಡಿದವರಿಗೆ ಮೊದಲು, 600 ಮಾಡಿದವರಿಗೆ ಆಮೇಲೆ. ಹಾಗಾಗಿ 2026ರ ಸೀಸನ್ನಿನಲ್ಲಿ ನನಗೆ 75 ಗಂಟೆಯ 1000 ಬೇಕು, 2027ರಲ್ಲಿ ಮತ್ತೆ ಸೂಪರ್ ರಾಂಡನರ್ ಸರಣಿ ಬೇಕು.

ಆ ಮಾರ್ಗದಲ್ಲಿ ದೊಡ್ಡ ಬೆಟ್ಟವಿಲ್ಲ, ಆದರೆ ಒಟ್ಟು ಏರು 12,000 ಮೀಟರಿನ ಹತ್ತಿರ. ಅಂದರೆ ಕಿಲೋಮೀಟರಿಗೆ ಸುಮಾರು 10 ಮೀಟರ್, ಮುಗಿಯದ ಏರಿಳಿತ. ಅದಕ್ಕೆ ವಾರವಾರ ನಂದಿ ಹತ್ತುವುದರಿಂದ ಹೆಚ್ಚು ಲಾಭ ಕಾಣುತ್ತಿಲ್ಲ. ಕನಕಪುರ, ಸಾತನೂರು ಕಡೆಯ ಚಿಕ್ಕಚಿಕ್ಕ ದಿಣ್ಣೆಗಳನ್ನು ದಿನವಿಡೀ ಒಂದೇ ಶಕ್ತಿಯಲ್ಲಿ ದಾಟುವುದೇ ಸರಿಯಾದ ಅಭ್ಯಾಸ, ಏರಿನಲ್ಲಿ ಎದ್ದು ನಿಂತು ಕಾಲು ಸುಡಿಸಿಕೊಳ್ಳದೆ. ಬ್ರೆಸ್ಟ್ ಇರುವುದು ಪಶ್ಚಿಮಕ್ಕೆ, ಅಲ್ಲಿ ಹೋಗುವ ದಾರಿಯಲ್ಲಿ ಎದುರುಗಾಳಿಗೆ ಸಿದ್ಧವಾಗಿರಬೇಕು. ಜೂನ್, ಜುಲೈ ತಿಂಗಳಲ್ಲಿ ಶಿರಾ ದಾಟಿ ಹಿರಿಯೂರು, ಚಿತ್ರದುರ್ಗದತ್ತ ಹೊರಟರೆ ಮುಂಗಾರಿನ ಪಶ್ಚಿಮದ ಗಾಳಿ ಎದೆಗೇ ಬಡಿಯುತ್ತದೆ. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ನಮ್ಮವರು ಆ ತಿಂಗಳುಗಳಲ್ಲಿ ಹೆದ್ದಾರಿ ಬಿಡುತ್ತಾರೆ, ನಾನು ಉದ್ದ ಸವಾರಿಗಳನ್ನು ಅಲ್ಲಿಗೇ ಇಟ್ಟುಕೊಂಡಿದ್ದೇನೆ. ಮೈಸೂರು ಕಡೆಗಾದರೆ 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಸೈಕಲ್ಲಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯ ಹಂಪುಗಳನ್ನು ಲೆಕ್ಕಕ್ಕೆ ತಗೊಂಡು ಸರಾಸರಿ ಅಂದಾಜು ಮಾಡಿ.

90 ಗಂಟೆಯ ಗುಂಪು ಹೊರಡುವುದು ಭಾನುವಾರ ಸಂಜೆ, ಮೊದಲ ಕೆಲವೇ ಗಂಟೆಗಳಲ್ಲಿ ರಾತ್ರಿ. ಅದಕ್ಕಾಗಿ ಈ ಸೀಸನ್ನಿನ 300 ಮತ್ತು 400ರಲ್ಲಿ ಸಂಜೆ ಹೊರಡುವವನ್ನೇ ಆರಿಸುತ್ತೇನೆ. ಬೆಳಗಿನ ಜಾವ 3ರಿಂದ 5ರವರೆಗೆ ಕಣ್ಣು ಕೂರುತ್ತದೆ. ಹಗಲಿಡೀ ಕಾಫಿ ಬಿಟ್ಟು ರಾತ್ರಿ 2ರ ಸುಮಾರಿಗೆ ಒಂದು ಲೋಟ ಕುಡಿದರೆ ಕೆಲಸ ಮಾಡುತ್ತದೆ. ಆದರೂ ತೂಕಡಿಕೆ ಬಂದರೆ ಇಳಿದು ಇಪ್ಪತ್ತು ನಿಮಿಷ ಮಲಗಲೇಬೇಕು, ಅದನ್ನು ನಿಂತ ಹೊತ್ತಿನ ಕಾಲಂನಲ್ಲಿ ನಾನು ನಷ್ಟವೆಂದು ಬರೆಯುವುದಿಲ್ಲ. ಬ್ರೆಸ್ಟ್ ಇರುವ ಬ್ರಿಟನಿ ಪ್ರಾಂತ್ಯದಲ್ಲಿ ಆಗಸ್ಟ್ ರಾತ್ರಿಯೂ 10 ಡಿಗ್ರಿಯ ಕೆಳಗೆ ಇಳಿಯಬಹುದು. ಉಣ್ಣೆಯ ಒಳಅಂಗಿ, ಪೂರ್ತಿ ಬೆರಳಿನ ಗ್ಲೌಸು, ಮಳೆ ಜಾಕೆಟ್ ಮೂರನ್ನೂ ಡಿಸೆಂಬರಿನ ಚಿಕ್ಕಮಗಳೂರು ಸವಾರಿಗಳಲ್ಲೇ ಹಾಕಿ ನೋಡುವುದು.

ಗಂಟೆಗೆ 20ರ ಸರಾಸರಿ ಹಿಡಿದರೂ 1,200 ಕಿ.ಮೀ.ಗೆ 60 ಗಂಟೆ, ಉಳಿಯುವುದು 30. ಹದಿನೈದು ನಿಲುಗಡೆಗೆ ತಲಾ ಅರ್ಧ ಗಂಟೆ ಎಂದರೆ ಏಳೂವರೆ ಹೋಯಿತು. ಪಂಕ್ಚರ್, ಸಾಲಿನಲ್ಲಿ ನಿಲ್ಲುವುದು, ಎದುರುಗಾಳಿಗೆ ಎಂಟು. ಉಳಿದ ಹದಿನಾಲ್ಕೂವರೆಯಲ್ಲಿ, ದಾರಿಯ ಕಂಟ್ರೋಲ್ ಊರಾದ ಲೂಡೆಯಾಕ್‌ನಲ್ಲಿ ಹೋಗುವಾಗ ನಾಲ್ಕು ಗಂಟೆ, ಬರುವಾಗ ನಾಲ್ಕು ಗಂಟೆ ನಿದ್ದೆ ಎಂದು ಬರೆದಿಟ್ಟಿದ್ದೇನೆ. ಮಿಕ್ಕಿದ್ದನ್ನು ಈಗಲೇ ಹಂಚುವುದಿಲ್ಲ, 1000ದ ಬ್ರೆವೆ ಮುಗಿದು ಅದರ ಫೈಲ್ ನೋಡಿದ ಮೇಲೆ.