ಕರಿಬೇವಿನ ಗಿಡದ ವೇಷಗಾತಿ

ಚಿಟ್ಟೆಗಳ ವೇಷ ನೋಡಲು ಕಾಡಿಗೇ ಹೋಗಬೇಕಿಲ್ಲ, ಅಂಗಳದಲ್ಲೊಂದು ಕರಿಬೇವಿನ ಗಿಡ ಇದ್ದರೆ ಸಾಕು. ಮೈಸೂರಿನ ನಮ್ಮ ಮನೆಯಲ್ಲಿ ನಾನು ಸಾಕುವುದು ಕಾಮನ್ ಮಾರ್ಮನ್ ಚಿಟ್ಟೆ. ಅದು ಮೊಟ್ಟೆಯಿಡುವುದು ಕರಿಬೇವು, ನಿಂಬೆಯ ಚಿಗುರಿನಲ್ಲಿ.

ಸಾಸಿವೆ ಕಾಳಿನಷ್ಟು ಹಳದಿ ಮೊಟ್ಟೆ ಕಂಡರೆ ಕಡ್ಡಿ ಸಮೇತ ಮುರಿದು ನೀರಿನ ಬಾಟಲಿಗೆ ಸಿಕ್ಕಿಸುತ್ತೇನೆ. ಬಾಟಲಿ ಬಾಯಿಗೆ ಹತ್ತಿ ತುರುಕಬೇಕು, ಇಲ್ಲದಿದ್ದರೆ ಹುಳು ಇಳಿದು ನೀರಿಗೆ ಬೀಳುತ್ತದೆ. ಸುತ್ತ ಸೊಳ್ಳೆಪರದೆ ಬಟ್ಟೆ. ಹಿಕ್ಕೆ ದಿನಾ ತೆಗೆಯಬೇಕು. ಅಂಗಡಿ ಕರಿಬೇವು ಮಾತ್ರ ಬೇಡ, ಔಷಧಿ ಹೊಡೆದಿರುತ್ತಾರೆ. (ಒಗ್ಗರಣೆಗೆ ಎಲೆ ಉಳಿಯಲ್ಲ ಅಂತ ಮನೆಯಲ್ಲಿ ಬೈಗುಳ ಇದ್ದದ್ದೇ.)

ವೇಷ ಶುರುವಾಗುವುದು ಇಲ್ಲೇ. ಮರಿಹುಳು ಥೇಟ್ ಹಕ್ಕಿ ಹಿಕ್ಕೆ: ಕಂದು ಮೈ, ನಡುವೆ ಬಿಳಿ ಪಟ್ಟೆ, ಒದ್ದೆ ಹೊಳಪು ಬೇರೆ! ಬಲಿತ ಮೇಲೆ ಎಲೆಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೋಡು ಚಾಚಿ ಘಾಟು ಬಿಡುತ್ತದೆ.

ನಿಜವಾದ ತಮಾಷೆ ಕೋಶ ಒಡೆದಾಗ. ಗಂಡೆಲ್ಲ ಒಂದೇ ಥರ, ಕಪ್ಪು ರೆಕ್ಕೆ, ಬಿಳಿ ಚುಕ್ಕಿಗಳ ಸಾಲು. ಒಂದೇ ತಾಯಿಯ ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇದ್ದವು. ಉಳಿದವು ಹಿಂರೆಕ್ಕೆಯಲ್ಲಿ ಬಿಳಿ ಮಚ್ಚೆ, ಅಂಚಿಗೆ ಕೆಂಪು ಹೊತ್ತು ಕಾಮನ್ ರೋಸ್ ಎಂಬ ಬೇರೆಯದೇ ಚಿಟ್ಟೆಯ ವೇಷದಲ್ಲಿ ಹೊರಬಂದವು. ಕ್ರಿಮ್ಸನ್ ರೋಸ್ ಎಂಬ ಇನ್ನೊಂದು ರೋಸ್ ಚಿಟ್ಟೆಯ ವೇಷದ ಹೆಣ್ಣೂ ಉಂಟು, ನನ್ನ ಪರದೆಯೊಳಗೆ ಇನ್ನೂ ಹುಟ್ಟಿಲ್ಲ.

ರೋಸ್ ಚಿಟ್ಟೆಯ ಹುಳು ತಿನ್ನುವುದು ಈಶ್ವರಿ ಬಳ್ಳಿ. ಬಳ್ಳಿಯ ವಿಷ ಚಿಟ್ಟೆಯ ಮೈಯಲ್ಲೂ ಉಳಿಯುತ್ತದೆ. ಒಮ್ಮೆ ರುಚಿ ನೋಡಿದ ಹಕ್ಕಿ ಆಮೇಲೆ ಅಂಥದ್ದರ ತಂಟೆಗೆ ಹೋಗುವುದಿಲ್ಲ. ಕರಿಬೇವು ತಿಂದು ಬೆಳೆದ ನಮ್ಮ ಮಾರ್ಮನ್‌ಗೆ ವಿಷವೆಲ್ಲಿಯದು? ಸುಮ್ನೆ ಬಣ್ಣ ಎರವಲು. ಈ ಬಗೆಯ ವೇಷವನ್ನು 1862ರಲ್ಲಿ ಅಮೆಜಾನ್ ಚಿಟ್ಟೆಗಳನ್ನು ನೋಡಿ ವಿವರಿಸಿದವರು ಇಂಗ್ಲಿಷ್ ನಿಸರ್ಗತಜ್ಞ ಹೆನ್ರಿ ಬೇಟ್ಸ್. ಮಾರ್ಮನ್ ಹೆಣ್ಣಿನ ವೇಷ ಬದಲಿಸುವುದು 'ಡಬಲ್‌ಸೆಕ್ಸ್' ಎಂಬ ಒಂದೇ ಜೀನ್ ಎಂದು 2014ರಲ್ಲಿ ತೋರಿಸಿದ ತಂಡದಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಇದ್ದರು.

ಹೊರಗೆ ಹಾರುವಾಗ ಗುರುತು ಹಿಡಿಯುವುದು ಹೇಗೆ? ರೆಕ್ಕೆ ಬಿಡಿ, ಮೈ ನೋಡಿ. ರೋಸ್‌ನ ಹೊಟ್ಟೆ ಕೆಂಪು, ಮಾರ್ಮನ್‌ದು ಕಪ್ಪು. ರೋಸ್ ನಿಧಾನಕ್ಕೆ ತೇಲುತ್ತದೆ, ಅದಕ್ಕೇನು ಭಯ ಅಲ್ವಾ? ಮಾರ್ಮನ್ ಹೆಣ್ಣೂ ಹಾಗೇ ನಟಿಸುತ್ತದೆ. ಆದರೆ ಹತ್ತಿರ ಹೋಗಿ ಬೆದರಿಸಿ, ಆ ನಡಿಗೆಯೆಲ್ಲ ಮರೆತು ಅಡ್ಡಾದಿಡ್ಡಿ ಓಟ ಕೀಳುತ್ತದೆ.