ಅಳತೆಗೋಲಿಲ್ಲದ ವಂದನೆ

ಮಂಗಳೂರು ಕಡೆಯ ನಮ್ಮ ಕಥೊಲಿಕ್ ಮನೆಗಳಲ್ಲಿ ಹೋಲಿಕೆ ಮಾಡೋಕೆ ದೂರ ಹೋಗಬೇಕಿಲ್ಲ. ಒಂದೇ ವಾಳೆಯಲ್ಲಿ, ಅಂದರೆ ಚರ್ಚಿನ ಒಂದೇ ವಾರ್ಡಿನಲ್ಲಿ, ಗಲ್ಫ್ ದುಡ್ಡಿನ ಎರಡು ಮಹಡಿ ಮನೆ, ಪಕ್ಕದಲ್ಲೇ ಅಜ್ಜನ ಕಾಲದ ಹಂಚಿನ ಮನೆ. ನಮ್ಮದು ಹಂಚಿನದು. ಚಿಕ್ಕಪ್ಪನ ಮಗಳು ಕುವೈತ್‌ನಲ್ಲಿ ನರ್ಸ್. ಫ್ಯಾಮಿಲಿ ಗ್ರೂಪಿನಲ್ಲಿ ಅವಳ ಹೊಸ ಮನೆಯ ಫೋಟೊ ಬಂದ ದಿನ ನನ್ನ ಅಡುಗೆಮನೆ ಇನ್ನಷ್ಟು ಕಿರಿದಾದ ಹಾಗೆ ಅನ್ನಿಸುತ್ತಿತ್ತು.

"ನಿನಗಿಂತ ಕೆಳಗಿರೋರನ್ನು ನೋಡು, ಸಮಾಧಾನ ಆಗುತ್ತೆ" ಅಂತ ಹಿರಿಯರು ಹೇಳುತ್ತಾರೆ. ಈ ಬುದ್ಧಿಮಾತು ನನಗೆ ಹಿಡಿಸಲೇ ಇಲ್ಲ. ಬೈಬಲಿನ ಲೂಕನ ಸುವಾರ್ತೆ 18ನೇ ಅಧ್ಯಾಯದ ಫರಿಸಾಯ, ಅಂದರೆ ಧರ್ಮದ ಕಟ್ಟಳೆ ಚಾಚೂ ತಪ್ಪದ ಯೆಹೂದಿ, ಮಾಡಿದ್ದೂ ಅದನ್ನೇ ಅಲ್ವಾ? ದೇವಾಲಯದಲ್ಲಿ ನಿಂತು ದೇವರಿಗೆ ವಂದನೆ ಹೇಳಿದ. ತಾನು ಬೇರೆಯವರ ಹಾಗಲ್ಲ, ಅಲ್ಲಿ ನಿಂತಿರುವ, ಜನ ಪಾಪಿ ಅಂತ ಹೀಗಳೆಯುತ್ತಿದ್ದ ಸುಂಕದವನ ಹಾಗಂತೂ ಅಲ್ಲವೇ ಅಲ್ಲ ಅಂತ. ಹೆಸರಿಗೆ ಅದೂ ಕೃತಜ್ಞತೆಯೇ. ಆದರೆ ದೇವರು ಮೆಚ್ಚಿ ಮನೆಗೆ ಕಳಿಸಿದ್ದು ಸುಂಕದವನನ್ನು. ಮೇಲಿನವರನ್ನು ನೋಡಿ ಹೊಟ್ಟೆ ಉರಿಸಿಕೊಂಡರೂ, ಕೆಳಗಿನವರನ್ನು ನೋಡಿ ಸಮಾಧಾನಪಟ್ಟರೂ ತಕ್ಕಡಿ ಒಂದೇ.

ನನಗೆ ದಾರಿ ಸಿಕ್ಕಿದ್ದು ಸಂತ ಇಗ್ನೇಷಿಯಸ್ ಲೊಯೋಲಾ ಹೇಳಿಕೊಟ್ಟ ಆತ್ಮಪರಿಶೀಲನೆಯಲ್ಲಿ, ಅಂದರೆ ಕಳೆದ ದಿನವನ್ನು ದೇವರೆದುರು ನೆನೆದು ನೋಡುವ ಪ್ರಾರ್ಥನೆಯಲ್ಲಿ. ಅವರು ಕಟ್ಟಿದ ಜೆಸ್ವಿತ್ ಸಂಘದ ಪಾದ್ರಿಗಳು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದ್ದು 1880ರಲ್ಲಿ, ಹಾಗಾಗಿ ಇದು ನಮ್ಮ ಕಡೆಗೆ ಹೊಸದೇನಲ್ಲ. ಐದು ಹಂತಗಳಿವೆ. ಮೊದಲನೆಯದು ಪಡೆದದ್ದಕ್ಕೆ ವಂದನೆ, ಪಾಪದ ಲೆಕ್ಕ ಆಮೇಲೆ.

ರಾತ್ರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಐದು ನಿಮಿಷ ಕೂರುತ್ತೇನೆ. ಆರೋಗ್ಯ, ಕುಟುಂಬ ಅಂತ ದೊಡ್ಡ ಮಾತು ಬೇಡ, ಅದರಲ್ಲಿ ಮನಸ್ಸು ನಿಲ್ಲುವುದಿಲ್ಲ. ಇವತ್ತಿನದು ಮಾತ್ರ. ಬಂಗುಡೆ ಅಗ್ಗಕ್ಕೆ ಸಿಕ್ಕಿತು. ಅಷ್ಟು ಮಳೆ ಬಂದರೂ ಒಡೆದ ಹಂಚಿನ ಕೆಳಗಿಟ್ಟ ಪಾತ್ರೆ ತುಂಬಲಿಲ್ಲ. ಮಗ ಹೇಳದೇನೇ ಎರಡು ಕೊಡ ನೀರು ಸೇದಿಟ್ಟ. ಅಳತೆಗೆ ಅಂತ ಬೇರೆಯವರ ಹೆಸರು ತರುವ ಹಾಗಿಲ್ಲ. ಬಂದರೆ ಆ ಸಾಲು ಲೆಕ್ಕಕ್ಕಿಲ್ಲ.

ಹಾಗಂತ ಕುವೈತ್‌ನ ಆ ತಂಗಿಯನ್ನು ಪ್ರಾರ್ಥನೆಯಿಂದ ಹೊರಗಿಟ್ಟಿಲ್ಲ. ಅವಳಿಗೆ ಬೇರೆಯದೇ ಜಾಗ ಇದೆ. ಅದಕ್ಕೆ ಕಾರಣ ಮೊಂತಿ ಹಬ್ಬ. ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ನೊವೆನಾ ಪ್ರಾರ್ಥನೆ, ಮಕ್ಕಳು ಮರಿಯಮ್ಮನಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಪಾದ್ರಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಮನೆಗೂ ಹಂಚುತ್ತಾರೆ. ಮಹಡಿ ಮನೆಗೂ ಅದೇ, ಹಂಚಿನ ಮನೆಗೂ ಅದೇ. ಕಾಳು ಸುಲಿದು ಪುಡಿ ಮಾಡಿ ಹಾಲಿಗೆ ಬೆರೆಸಿ ಎಲ್ಲರೂ ಕುಡಿಯುತ್ತೇವೆ. ಪರದೇಶದಲ್ಲಿರುವವರಿಗೆ ಒಂದಿಷ್ಟು ಕಾಳನ್ನು ಕವರಿನಲ್ಲಿ ಹಾಕಿ ಕಳಿಸುವ ರೂಢಿಯೂ ಇದೆ. ತಂಗಿಗೂ ಕಳಿಸಿದ್ದೆ. ಸಿಕ್ಕಿದ ದಿನ ಫೋನ್ ಮಾಡಿದಳು. ನೈಟ್ ಡ್ಯೂಟಿಯ ನಡುವೆ ಹಾಲು ಸಿಗದೆ ಚಹಾಕ್ಕೇ ಕಾಳು ಹಾಕಿಕೊಂಡಳಂತೆ. "ಅಕ್ಕಾ, ಹಬ್ಬದೂಟ ಮಾಡಿ ಎಷ್ಟು ವರ್ಷ ಆಯ್ತು ಗೊತ್ತಾ?" ಅಂದಳು. ಅವಳಿಗಾಗಿ ಏನು ಬೇಡಬೇಕು ಅಂತ ನನಗೆ ಆಗ ಗೊತ್ತಾಯಿತು. ಫೋಟೊದಲ್ಲಿ ಇದೆಲ್ಲ ಎಲ್ಲಿ ಕಾಣುತ್ತದೆ?

ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಅಂತೇನೂ ಇಲ್ಲ. ಅವಳ ಮಗಳಿಗೆ ಮೊನ್ನೆ ಮೆಡಿಕಲ್ ಸೀಟು ಸಿಕ್ಕಿತು. ಒಳಗೆ ಚುರುಕ್ ಅಂದಿತು. ಫೋನ್ ಮಾಡಿ ಶುಭಾಶಯ ಹೇಳಿದೆ, ಹುಡುಗಿಯ ಹತ್ತಿರವೂ ಮಾತಾಡಿದೆ. ಫೀಸು ಎಷ್ಟು ಅಂತ ಮಾತ್ರ ಕೇಳಲಿಲ್ಲ.